ವಿಯೆನ್ನಾಕ್ಕೆ ಎರಡೂಕಾಲು ಗಂಟೆ

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನನ್ನದೊಂದು ಸಣ್ಣ ವಿಮಾನ ಟಿಕೆಟ್ ಅಂಗಡಿ. ಊರೂರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಹೇಳುವುದೇ ಕೆಲಸವಾದ್ದರಿಂದ ದಿನಕ್ಕೊಂದು ತಮಾಷೆ ನಡೆಯದೆ ಇರುವುದಿಲ್ಲ. ವಿಯೆನ್ನಾದ ಪ್ರಸಂಗಗಳನ್ನು ಮಾತ್ರ ನಾನು ಮರೆಯುವುದಿಲ್ಲ, ಏಕೆಂದರೆ ನನ್ನ ಅಕ್ಕ ಇರುವುದು ಅಲ್ಲಿ. ಭಾವ ತೀರಿಕೊಂಡಾಗ ಹೋಗಿ ಬಂದವನು ನಾಲ್ಕು ವರ್ಷವಾದರೂ ಮತ್ತೆ ಹೋಗಿಲ್ಲ. ಅವಳು ಫೋನ್ ಮಾಡಿದಾಗಲೆಲ್ಲ, "ಹೊರಟೇ ಬಿಟ್ಟೆ ಅಕ್ಕ" ಅನ್ನುತ್ತೇನೆ.

೧

ಧಾರವಾಡದ ಹಿರಿಯರೊಬ್ಬರು ಟಿಕೆಟ್ ಕೈಯಲ್ಲಿ ಹಿಡಿದು ಬಂದರು. ಇಲ್ಲಿಂದ ಹತ್ತಕ್ಕೆ ಬಿಟ್ಟು ಒಂದೂಕಾಲಿಗೆ ವಿಯೆನ್ನಾ. ವಾಪಸು ಬರುವಾಗ ಎರಡಕ್ಕೆ ಬಿಟ್ಟು ಮೂರೂಕಾಲಿಗೆ ಲಂಡನ್.

"ಹೋಗುಮುಂದ ಮೂರು ತಾಸು, ಬರುಮುಂದ ಒಂದ ತಾಸು! ಆ ಕಡೆ ಏರು ಅದ ಏನ್ರೀ?"

ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿದೆ, ಎರಡೂ ಕಡೆಗೆ ಎರಡೂಕಾಲು ಗಂಟೆಯೇ ಎಂದು ವಿವರಿಸಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಹಂಗಾರ ಹೋಗುಮುಂದ ಇಸಕೊಂಡ ತಾಸು ಬರುಮುಂದ ತಿರುಗಿ ಕೊಡ್ತಾರ ಅನ್ರಿ. ಪ್ರಾಮಾಣಿಕ ಮಂದಿ!"

೨

ಪಕ್ಕದ ಹ್ಯಾರೋ ಬಡಾವಣೆಯ ಒಬ್ಬ ಗೃಹಿಣಿಗೆ ವಿಯೆನ್ನಾ ವಿಮಾನ ಹಿಡಿಯಲು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕಿತ್ತು. ಅದು ರಾಹುಕಾಲ. ಒಳ್ಳೆಯ ಹೊತ್ತಿನಲ್ಲಿ ಸಾಮಾನು ಮೊದಲೇ ಹೊರಗೆ ಕಳಿಸಿಬಿಟ್ಟರೆ ಪ್ರಯಾಣ ಶುರುವಾದ ಹಾಗೆಯೇ ಎಂಬುದು ನಮ್ಮ ಹಳೆಯ ಪದ್ಧತಿ. ಭಾನುವಾರ ಬೆಳಿಗ್ಗೆಯೇ ಪಕ್ಕದ ಮನೆಯ ಇಂಗ್ಲಿಷ್ ಹೆಂಗಸಿನ ಬಳಿ ಕೈಚೀಲ ಇಟ್ಟು ಬಂದರು. ಪಾಸ್‌ಪೋರ್ಟ್ ಅದರೊಳಗೇ ಇತ್ತು.

ಸೋಮವಾರ ಟ್ಯಾಕ್ಸಿ ಬಂತು. ಪಕ್ಕದ ಮನೆಗೆ ಬೀಗ. ಆಕೆ ಈಜಲು ಹೋಗಿದ್ದವಳು ಬಂದದ್ದು ಹತ್ತು ಗಂಟೆಗೆ.

"ವಿಮಾನ ತಪ್ಪಿಹೋಯ್ತು" ಎಂದು ನನಗೆ ಫೋನ್ ಮಾಡಿದರು. ನಾನು ಅಯ್ಯೋ ಎಂದೆ. ಅವರೇ ಸಮಾಧಾನ ಹೇಳಿದರು: "ಇರಲಿ ಬಿಡಿ. ರಾಹುಕಾಲದಲ್ಲಿ ಹೊರಡೋದಂತೂ ತಪ್ಪಿತಲ್ಲ!"

೩

ಇವರನ್ನೆಲ್ಲ ನೋಡಿ ನಕ್ಕವನು ನಾನು. ಆದರೆ ಏರು ಎಂದುಕೊಂಡ ಹಿರಿಯರೂ ಹೋಗಿ ಬಂದರು, ವಿಮಾನ ತಪ್ಪಿಸಿಕೊಂಡ ಗೃಹಿಣಿಯೂ ಮರುದಿನ ಹೋದರು. ಬೆಂಗಳೂರಿಗೆ ಹೋಗುವವರು ಆರು ತಿಂಗಳು ಮೊದಲೇ ರಜೆ ಗೊತ್ತು ಮಾಡಿಕೊಳ್ಳುತ್ತಾರೆ. ಸಾವಿರದ ಚಿಲ್ಲರೆ ಕಿಲೋಮೀಟರಿನ ವಿಯೆನ್ನಾಕ್ಕೆ ಯಾವಾಗ ಬೇಕಾದರೂ ಹೋಗಬಹುದಲ್ಲ, ಹಾಗಾಗಿ ನಾನು ಹೋಗುವುದೇ ಇಲ್ಲ.

"ಈ ಯುಗಾದಿಗೂ ಬರದಿದ್ದರೆ ನನ್ನನ್ನ ಅಕ್ಕ ಅನ್ನಬೇಡ" ಅಂದಿದ್ದಳು. ಯುಗಾದಿ ಬಂದು ಹೋಯಿತು. ಆಮೇಲೆ ಎರಡು ವಾರ ಅವಳು ಫೋನ್ ಎತ್ತಲಿಲ್ಲ.

ಒಂದು ಮಧ್ಯಾಹ್ನ ಒಂದು ಕಿವಿಗೆ ಫೋನ್ ಒತ್ತಿಕೊಂಡು, ಕಂಪ್ಯೂಟರಿನಲ್ಲಿ ಕಣ್ಣಿಟ್ಟು ಕೂತಿದ್ದೆ. ಎದುರಿನ ಕುರ್ಚಿಯಲ್ಲಿ ಯಾರೋ ಕೂತರು.

"ವಿಯೆನ್ನಾಕ್ಕೂ ಇಲ್ಲಿಗೂ ಎಷ್ಟು ಹೊತ್ತಪ್ಪಾ?"

"ಎರಡೂಕಾಲು ಗಂಟೆ ಅಮ್ಮ, ಕೂತು ಎದ್ದ ಹಾಗೆ" ಎಂದೆ, ತಲೆ ಎತ್ತದೆ.

"ಹೌದಾ? ನನ್ನ ತಮ್ಮ ಹೊರಟು ನಾಲ್ಕು ವರ್ಷ ಆಯ್ತು. ಯಾವ ವಿಮಾನ ಹತ್ತಿದಾನೆ, ಸ್ವಲ್ಪ ನೋಡಿ ಹೇಳ್ತೀಯಾ?"