ಫೋನು ಸಾಯದಂತೆ ಲೆಕ್ಕ ಹಾಕಿದ ಇಂಜಿನಿಯರರಿಗೆ

ಮಾನ್ಯ ಇಂಜಿನಿಯರ್ ಸ್ಪಾಸ್ ದೋಗಾನೋವ್ ಅವರ ಸನ್ನಿಧಿಗೆ, ಮನೆಮನೆಯ ರೇಡಿಯೇಟರುಗಳಿಗೆ ಬಿಸಿನೀರು ಹಾಯಿಸುವ ಕಚೇರಿಯ ದೂರು ವಿಭಾಗದಿಂದ ಝಿವ್ಕಾ ಪನಾಯೋತೋವಾ ಮಾಡುವ ನಮಸ್ಕಾರಗಳು. ತಾವೂ ಕರೆಂಟು ಅಳೆಯುವ ತಮ್ಮ ಮೀಟರೂ ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಾಗಿಲ್ಲ.

ತಾವು ಬರುವ ಮೊದಲು ರೊಡೊಪಿ ಬೆಟ್ಟದ ಈ ಊರಿನಲ್ಲಿ ಕರೆಂಟು ಹೋದರೆ ನಮ್ಮ ಫೋನೂ ಸಾಯುತ್ತಿತ್ತು. ಜನ ಮನೆಯಲ್ಲಿ ನಡುಗುತ್ತ ನಮ್ಮನ್ನು ಬೈಯಲು ಒದ್ದಾಡುತ್ತಿದ್ದರೆ, ನಾವು ಗ್ಯಾಸ್ ಒಲೆಯ ಮೇಲೆ ಕಾಫಿ ಕಾಯಿಸುತ್ತಿದ್ದೆವು. ಮೇಲಧಿಕಾರಿ ಮುತಾಫೋವ್ ಅವರು ಡ್ರಾಯರಿನಿಂದ ಒಣ ಸಾಸೇಜ್ ತೆಗೆದು ಹೋಳು ಮಾಡಿ, ಇಸ್ಪೀಟು ಹಂಚುತ್ತಿದ್ದರು.

ಇಂಥ ಸ್ವರ್ಗಕ್ಕೆ ತಾವು ಯುಪಿಎಸ್ ಕೂರಿಸಲು ಬಂದಿರಿ. ಕರೆಗಳನ್ನು ಮೇಜುಗಳಿಗೆ ಹಂಚುವ ಫೋನ್ ಪೆಟ್ಟಿಗೆ ಎಷ್ಟು ವ್ಯಾಟ್ ತಿನ್ನುತ್ತದೆ, ಮೇಜಿನ ಮೇಲಿನ ಒಂದೊಂದು ಫೋನೂ ಎಷ್ಟು ತಿನ್ನುತ್ತದೆ ಎಂದು ಅಳೆದು ಕೂಡಿಸಿದಿರಿ. "ಹತ್ತು ನಿಮಿಷ ಬಂದ್ರೆ ಸಾಕಪ್ಪ, ನಮಸ್ಕಾರ ಹೇಳಿ ಫೋನ್ ಇಡೋಕೆ" ಎಂದು ಮುತಾಫೋವ್ ಅವರು ಅಂದರೆ, "ಹಿಮ ಬಿದ್ದು ತಂತಿ ಹರಿದ್ರೆ ರಿಪೇರಿಗೆ ಅರ್ಧ ದಿನ ಹಿಡಿಯುತ್ತೆ ಸಾರ್" ಎಂದು ಆ ಮೊತ್ತವನ್ನು ಗಂಟೆಗಳಿಂದ ಗುಣಿಸಿದಿರಿ. ಯಂತ್ರದಲ್ಲೇ ಸೋರಿಹೋಗುವುದಕ್ಕೆ ಒಂದಿಷ್ಟು, ಬ್ಯಾಟರಿಗೆ ವಯಸ್ಸಾಗುವುದಕ್ಕೆ ಒಂದಿಷ್ಟು, ಚಳಿಗೆ ಅದು ಮುದುಡುವುದಕ್ಕೆ ಮತ್ತೊಂದಿಷ್ಟು ಸೇರಿಸಿದಿರಿ. ನಮ್ಮ ಆಯಸ್ಸಿಗೆ ಮಾತ್ರ ಏನನ್ನೂ ಸೇರಿಸಲಿಲ್ಲ.

ಜನವರಿಯಲ್ಲಿ ಹಿಮ ಬಿದ್ದು ತಂತಿ ಹರಿಯಿತು. ಪಂಪುಗಳು ನಿಂತವು, ಮನೆಗಳು ತಣ್ಣಗಾದವು, ತಮ್ಮ ಕೃಪೆಯಿಂದ ನಮ್ಮ ಫೋನು ಮಾತ್ರ ಬದುಕಿತ್ತು. ಊರಿಗೆ ಊರೇ ಕರೆ ಮಾಡಿತು. ಬ್ಯಾಟರಿಯನ್ನು ಬೇಗ ಖಾಲಿ ಮಾಡೋಣವೆಂದು ಮುತಾಫೋವ್ ಅವರು ಕಾಫಿ ಯಂತ್ರದ ಪ್ಲಗ್ಗು ಹಿಡಿದು ಯುಪಿಎಸ್ ಮುಂದೆ ಮಂಡಿಯೂರಿದರು. ಮನೆಬಳಕೆಯ ಯಾವ ಪ್ಲಗ್ಗೂ ಕೂರದಂಥ ತೂತುಗಳನ್ನೇ ತಾವು ಆರಿಸಿದ್ದು ಅವರಿಗೆ ಆಗ ತಿಳಿಯಿತು. ತಮ್ಮ ದೂರದೃಷ್ಟಿಯನ್ನು ಅವರು ಕೊಂಡಾಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೇಲಿನ ಬೀದಿಯ ಝ್ಲಾತಾ ಅಜ್ಜಿ ಬೆಳಿಗ್ಗೆಯೇ ಕರೆ ಮಾಡಿ, "ರೇಡಿಯೇಟರ್ ಮೇಲೆ ಮಲಗ್ತಿದ್ದ ಬೆಕ್ಕು ಈಗ ನನ್ನ ತಲೆ ಮೇಲೆ ಹತ್ತಿ ಕೂತಿದೆ, ಇಳಿಸೋಕೆ ಯಾರನ್ನಾದ್ರೂ ಕಳಿಸಮ್ಮ" ಎಂದಿದ್ದರು. ನಾವು ನಕ್ಕೆವು. ಮಧ್ಯಾಹ್ನ ಮತ್ತೆ ಕರೆ ಮಾಡಿದಾಗ ಅವರ ನಾಲಿಗೆ ತೊದಲುತ್ತಿತ್ತು. "ಈಗ ಚಳಿ ಆಗ್ತಿಲ್ಲ ಮಗಳೇ. ನಿದ್ದೆ ಬರ್ತಿದೆ, ಅಷ್ಟೇ." ಮೈ ಮರಗಟ್ಟಿದವರಿಗೆ ಹೀಗೆ ನಿದ್ದೆ ಬಂದರೆ ಜೀವಕ್ಕೇ ಅಪಾಯವೆಂದು ನಾನು ಕೂಗಿಕೊಂಡೆ. ಹಿಮದಲ್ಲಿ ಆಂಬುಲೆನ್ಸ್ ಬೆಟ್ಟ ಹತ್ತುವುದು ತಡವಾಗುತ್ತದೆಂದು ತಿಳಿದು, ಮುತಾಫೋವ್ ಅವರು ಕಂಬಳಿಗಳನ್ನೂ ಬಿಸಿ ಚಹಾದ ಫ್ಲಾಸ್ಕನ್ನೂ ಹೊತ್ತು ಖುದ್ದಾಗಿ ಓಡಿದರು. ಅವರು ತಲುಪುವವರೆಗೆ ಅಜ್ಜಿ ಮಲಗಬಾರದೆಂದು ನಾನು ಚೀಸ್ ತುಂಬಿದ ಬನಿತ್ಸಾ ತಿನಿಸು ಮಾಡುವ ಬಗೆ ಕೇಳಿದೆ, ನಾನಾದರೆ ಚೀಸಿಗೆ ಸಕ್ಕರೆ ಬೆರೆಸುತ್ತೇನೆಂದು ಸುಳ್ಳನ್ನೂ ಹೇಳಿದೆ. "ಸಕ್ಕರೆನಾ? ನಿನ್ನ ಗಂಡ ಇನ್ನೂ ಮನೇಲಿದ್ದಾನಾ?" ಎಂದು ಅವರಿಗೆ ಪೂರ್ತಿ ಎಚ್ಚರವಾಯಿತು. ಅವರು ಬೈದರು, ನಾನು ವಾದಿಸಿದೆ. ಇಷ್ಟು ಹೊತ್ತೂ ತಮ್ಮ ಯುಪಿಎಸ್ ಕುಂಯ್ ಅನ್ನಲಿಲ್ಲ. ಕೊನೆಗೆ ಬಾಗಿಲು ತೆರೆದ ಸದ್ದು ಕೇಳಿಸಿ, ಅಜ್ಜಿ ದೂರು ಕೊಟ್ಟರು: "ಯಾರೋ ದಪ್ಪಗಿನವನು ಬಂದಿದ್ದಾನೆ, ಕಾಲೂ ಒರೆಸಿಲ್ಲ." ನಾನು ಫೋನು ಹಿಡಿದುಕೊಂಡೇ ಅತ್ತೆ.

ಅಜ್ಜಿಗೆ ಗುಣವಾಯಿತು. ನಮಗೆ ಗುಣವಾಗಲಿಲ್ಲ. ಕತ್ತಲಲ್ಲೂ ನಮ್ಮ ಫೋನು ಎತ್ತುತ್ತಾರೆಂಬ ಸುದ್ದಿ ಹಬ್ಬಿ, ಕರೆಂಟು ಹೋದೊಡನೆ ಜನ ಮೊದಲು ಹುಡುಕುವುದು ನಮ್ಮ ನಂಬರನ್ನೇ, ಮೇಣದಬತ್ತಿಯನ್ನಲ್ಲ. ಆದ್ದರಿಂದ ಮಾನ್ಯರೇ, ಅಜ್ಜಿಯಂಥವರ ಕರೆಗೆ ಜೀವ ಹಿಡಿದುಕೊಂಡಿದ್ದು, ಬೈಗುಳ ಶುರುವಾದೊಡನೆ ಸದ್ದಿಲ್ಲದೆ ಪ್ರಾಣ ಬಿಡುವ ಬ್ಯಾಟರಿಯೊಂದನ್ನು ಲೆಕ್ಕ ಹಾಕಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿಯೂ ಎಡಗಿವಿಯ ನೋವಿನವಳೂ ಆದ,
ಝಿವ್ಕಾ ಪನಾಯೋತೋವಾ

ಮರೆತ ಮಾತು: ಆ ದಿನ ವಿದ್ಯುತ್ ಕಚೇರಿಗೆ ನಾನು ಎಷ್ಟು ಸಲ ಕರೆ ಮಾಡಿದರೂ ಅವರ ಫೋನು ಮಾತ್ರ ಸತ್ತೇ ಇತ್ತು. ಕರೆಂಟಿರಲಿಲ್ಲವಂತೆ. ತಾವು ಬಿಡುವಾದಾಗ ಮೀಟರು ಹಿಡಿದು ಅತ್ತ ಹೋಗಿಬಂದರೆ, ಅವರಿಗೂ ತಮ್ಮ ಲೆಕ್ಕದ ರುಚಿ ಗೊತ್ತಾದೀತು.