ಹರಳುಕಟ್ಟೆಯ ನೀರಿಗೆ ಒಬ್ಬರೇ ಬಳಕೆದಾರರು

ಗುಬ್ಬಿಗೂ ಸಿ.ಎಸ್. ಪುರಕ್ಕೂ ನಡುವೆ ಇರುವ ಹರಳುಕಟ್ಟೆ ಬಡಾವಣೆಯಲ್ಲಿ ನೀರು ತನ್ನಷ್ಟಕ್ಕೆ ತಾನು ಹರಿಯುವುದಿಲ್ಲ, ಆದೇಶದ ಮೇರೆಗೆ ಹರಿಯುತ್ತದೆ. ನೀರು ಹಂಚಿಕೆ ಸಮಿತಿಯ ನಿಯಮಾವಳಿಯ ಮೊದಲನೇ ವಾಕ್ಯವೇ ಇದು. ಬರೆದವರು ಸಮಿತಿಯ ವ್ಯವಸ್ಥಾಪಕರಾದ ರೇಣುಕಾಪ್ರಸಾದ್. ಬರೆಯುವಾಗ ಅವರಿಗೆ ತಮ್ಮ ಮನೆಯಲ್ಲೂ ಒಂದು ನಲ್ಲಿ ಇದೆ ಎಂಬುದು ನೆನಪಿರಲಿಲ್ಲ.

ಹಿಂದೆ ಕದರಯ್ಯ ಎಂಬಾತ ಕಬ್ಬಿಣದ ಕೀಲಿ ಹಿಡಿದು ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದ. ಅವನು ನಿವೃತ್ತನಾದ ಮೇಲೆ ಸಮಿತಿಯು ಕಂಪ್ಯೂಟರ್ ಮಾತು ಕೇಳುವ ವಾಲ್ವ್‌ಗಳನ್ನು ಹಾಕಿಸಿತು. ಹಳೆಯ ಕೀಲಿಯನ್ನು ಉಗ್ರಾಣದಲ್ಲಿಟ್ಟು ಮೊಹರು ಮಾಡಲಾಯಿತು. ಇಷ್ಟೆಲ್ಲ ಸಾಂಗವಾಗಿ ಮುಗಿದ ಮೇಲೆ, ವಾಲ್ವ್‌ಗಳಿಗೆ ಮಾತು ಹೇಳುವ ಸಾಫ್ಟ್‌ವೇರ್ ಒಂದು ಬೇಕಾಗುತ್ತದೆ ಎಂಬ ಅಂಶ ಸಮಿತಿಯ ಗಮನಕ್ಕೆ ಬಂತು. ಯಾವ ಸಾಫ್ಟ್‌ವೇರ್ ಎಂದು ತೀರ್ಮಾನವಾಗುವ ತನಕ ನೀರು ಬಿಡುವುದು ಅನಧಿಕೃತವೆಂದು ನಿರ್ಣಯಿಸಲಾಯಿತು. ಆದ್ದರಿಂದ ನೀರು ನಿಂತಿತು.

ರೇಣುಕಾಪ್ರಸಾದರ ಗ್ರಹಚಾರಕ್ಕೆ ಅದೇ ಸಮಯದಲ್ಲಿ ಮಗಳು ಅಪೇಕ್ಷಾ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು. ಬಾಣಂತಿಗೂ ಕೂಸಿಗೂ ಹಂಡೆಗಟ್ಟಲೆ ಬಿಸಿನೀರು ಹುಯ್ಯದಿದ್ದರೆ ಅದನ್ನು ಬಾಣಂತನ ಎಂದು ಆ ಕಡೆ ಯಾರೂ ಕರೆಯುವುದಿಲ್ಲ.

"ರೀ, ಎರಡು ಚೊಂಬು ನೀರಲ್ಲಿ ಬಾಣಂತಿಗೆ ಸ್ನಾನ ಮಾಡ್ಸಿದ್ರೆ ಬೀಗರು ಏನಂದಾರು? ಇಡೀ ಬಡಾವಣೆ ನೀರು ನಿಮ್ ಕೈಲಿದೆ ಅಂತ ನಂಬ್ಕೊಂಡು ಕಳ್ಸವ್ರೆ," ಎಂದರು ಹೆಂಡತಿ ಶಶಿರೇಖಾ.

"ವಿಷಯ ಫೈಲಲ್ಲಿದೆ ಕಣೇ."

"ಫೈಲ್ ಕಾಯ್ಸಿ ಮಗೀನ ಮೇಲೆ ಹುಯ್ಯಕ್ಕಾಯ್ತದಾ?"

ರೇಣುಕಾಪ್ರಸಾದರಿಗೆ ನಿಜವಾಗಿಯೂ ಸಂಕಟವಾಯಿತು. ಮೊಮ್ಮಗ ಹುಟ್ಟಿದ ದಿನವೇ ಅವರು ಹೊಸ ತಾಮ್ರದ ಹಂಡೆ ತಂದಿದ್ದರು. ಅದು ಬಚ್ಚಲಲ್ಲಿ ಬರಿದಾಗಿ ಕೂತು ಅವರನ್ನೇ ನೋಡುತ್ತಿತ್ತು. ಮರುದಿನ ಅವರು ಸಾಫ್ಟ್‌ವೇರ್ ವಿಷಯವನ್ನು ತುರ್ತು ಎಂದು ಗುರುತು ಮಾಡಿ ಸಭೆಗೆ ಮಂಡಿಸಿದರು.

ಆ ಸಭೆಗೆ ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕಿ ಅಪರ್ಣ ಬಂದರು. ವಿದ್ಯಾರ್ಥಿಗಳ ಜೊತೆ ಸೇರಿ ಅವರು ನೀರು ಬಿಡುವ ಸಾಫ್ಟ್‌ವೇರ್ ಒಂದನ್ನು ಬರೆದಿದ್ದರು.

"ಇದು ಮುಕ್ತ ತಂತ್ರಾಂಶ ಸಾರ್. ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದ್ರೂ ಓದಬಹುದು, ತಪ್ಪಿದ್ರೆ ತಿದ್ದಬಹುದು. ಎಲ್ಲ ಬೀದಿಗೂ ಸರದಿ ಪ್ರಕಾರ ಸಮನಾಗಿ ನೀರು ಬಿಡುತ್ತೆ. ದುಡ್ಡೇನೂ ಬೇಡ."

"ದುಡ್ಡು ಬೇಡ್ವಾ?" ಎಂದು ಅಧ್ಯಕ್ಷರಾದ ರಾಮಾಂಜಿನಯ್ಯನವರು ಕನ್ನಡಕ ತೆಗೆದು ಆಕೆಯನ್ನು ಕನಿಕರದಿಂದ ನೋಡಿದರು. "ಮನೇಲಿ ಎಲ್ಲಾ ಆರೋಗ್ಯವಾಗವ್ರಾ ಮೇಡಂ?"

"ಸರ್ಕಾರಾನೇ ಇಂಥದ್ದಕ್ಕೆ ಆದ್ಯತೆ ಕೊಡಿ ಅಂದಿದೆ ಸಾರ್."

"ಕೊಡಾಣ. ಆದ್ಯತೆ ಕೊಟ್ಟೂ ತಗಳ್ದೆ ಇರ್ಬೋದಲ್ಲ."

ಆದರೆ ಸಮಿತಿಯು ಕಾನೂನು ಮೀರುವಂಥದ್ದಲ್ಲ. ಯಾರು ಬೇಕಾದರೂ ನೋಡಬಹುದಾದ ಯಾವುದೇ ವಿಷಯವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುವುದು ಅಲ್ಲಿನ ಪದ್ಧತಿ. ಅದರಂತೆ ಅಪರ್ಣ ಅವರ ಸಾಫ್ಟ್‌ವೇರನ್ನು ಒಳಗಿನ ಒಂದಕ್ಷರವೂ ಬಿಡದೆ ಪ್ರಿಂಟ್ ತೆಗೆಸಿ ಅಂಟಿಸಲಾಯಿತು. ಬೋರ್ಡು ಸಾಲದೆ ಕಾಂಪೌಂಡು ಗೋಡೆಗೂ, ಅದೂ ಸಾಲದೆ ಬಸ್ ನಿಲ್ದಾಣದ ಕಂಬಗಳಿಗೂ ಹಚ್ಚಬೇಕಾಯಿತು. ಜನ ಬಿಂದಿಗೆ ಕೆಳಗಿಟ್ಟು ಓದಿದರು.

ಆಕ್ಷೇಪಣೆಗಳು ಯಥೇಚ್ಛವಾಗಿ ಬಂದವು. ಇದು ಫಲಾನುಭವಿಗಳ ಪಟ್ಟಿಯೆಂದು ತಿಳಿದ ಒಬ್ಬರು ತಮ್ಮ ಹೆಸರು ಬಿಟ್ಟುಹೋಗಿದೆ ಎಂದು ಬರೆದರು. ಇನ್ನೊಬ್ಬರಿಗೆ ಆವರಣ ಚಿಹ್ನೆಗಳು ಅತಿಯಾದಂತೆ ಕಂಡವು. ಅತ್ಯಂತ ಗಂಭೀರವಾದ ಆಕ್ಷೇಪಣೆ ಅಧ್ಯಕ್ಷರ ಬೀದಿಯಿಂದಲೇ ಬಂತು. ಸಾಫ್ಟ್‌ವೇರಿನಲ್ಲಿ ಬೀದಿಗಳಿಗೆ ಸಂಖ್ಯೆ ಕೊಟ್ಟಿದ್ದು, ಅವರ ಬೀದಿಯ ಎದುರು ಸೊನ್ನೆ ಇತ್ತು.

"ಕಂಪ್ಯೂಟರಲ್ಲಿ ಎಣಿಕೆ ಶುರುವಾಗೋದೇ ಸೊನ್ನೆಯಿಂದ ಸಾರ್. ಸೊನ್ನೆ ಅಂದ್ರೆ ಮೊದಲನೇದು," ಎಂದರು ಅಪರ್ಣ.

"ಅಂಗಂತ ನೀವು ಹೇಳ್ತೀರ. ನಾಳೆ ಎಲೆಕ್ಷನ್‌ಗೆ ನಿಂತಾಗ ಎದುರಾಳಿ ಏನು ಹೇಳ್ತಾನೆ?" ಎಂದರು ಅಧ್ಯಕ್ಷರು.

ಅಪರ್ಣ ಕೂತಲ್ಲೇ ಸೊನ್ನೆಯನ್ನು ಒಂದು ಮಾಡಿಕೊಟ್ಟರು. ತಿದ್ದಿದ್ದರಿಂದ ಅದು ಬೇರೆ ಸಾಫ್ಟ್‌ವೇರ್ ಆಯಿತು, ಆದ್ದರಿಂದ ಮೊದಲಿನಿಂದ ಅಂಟಿಸಬೇಕಾಯಿತು. ಅಷ್ಟರಲ್ಲಿ ಬಸ್ ನಿಲ್ದಾಣದ ಒಂದು ಹಾಳೆಯನ್ನು ಮೇಕೆ ತಿಂದಿತು. ಆ ಹಾಳೆಗೆ ಆಕ್ಷೇಪಣೆ ಸಲ್ಲಿಸುವ ಹಕ್ಕಿನಿಂದ ನಾಗರಿಕರು ವಂಚಿತರಾದರೆಂದು ಅವಧಿ ವಿಸ್ತರಿಸಲಾಯಿತು. ಇತ್ತ ಕೂಸಿನ ಮೈಗೆ ಹಚ್ಚಿದ ಎಣ್ಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಲಗಿಸುತ್ತಿದ್ದರು. ಬಾಣಂತಿ ಗೋಡೆ ಕಡೆ ತಿರುಗಿ ಅಳುತ್ತಿದ್ದಳು.

ಇಂಥ ಸನ್ನಿವೇಶದಲ್ಲಿ ಖಾಸಗಿ ಕಂಪನಿಯೊಂದರ ಪ್ರತಿನಿಧಿ ಭಾನುಪ್ರಕಾಶ್ ಎಂಬ ಯುವಕ ಮೊಹರು ಹಾಕಿದ ಕಪ್ಪು ಡಬ್ಬಿಯೊಂದಿಗೆ ಬಂದ. ಸಾಫ್ಟ್‌ವೇರ್ ಡಬ್ಬಿಯೊಳಗಿತ್ತು. ಅದು ಕಂಪನಿಯ ವ್ಯಾಪಾರ ರಹಸ್ಯವಾದ್ದರಿಂದ ನೋಡುವಂತಿಲ್ಲ, ಕೇಳುವಂತಿಲ್ಲ, ತಿದ್ದುವಂತಿಲ್ಲ. ಪದ್ಧತಿ ತಪ್ಪಬಾರದೆಂದು ಸಮಿತಿಯು ಅದರ ಪರವಾಗಿ ಒಂದು ಖಾಲಿ ಹಾಳೆಯನ್ನು ಅಂಟಿಸಿ ಆಕ್ಷೇಪಣೆ ಕರೆಯಿತು. ಒಂದೂ ಬರಲಿಲ್ಲ. ಯಾರೋ ಹಿರಿಯರು ಹಾಳೆಯ ಮೂಲೆಯಲ್ಲಿ "ಅಚ್ಚುಕಟ್ಟಾಗಿದೆ" ಎಂದು ಬರೆದು ಹೋಗಿದ್ದರು.

ಟಿಪ್ಪಣಿಯನ್ನು ರೇಣುಕಾಪ್ರಸಾದರೇ ಬರೆದರು: "ಮುಕ್ತ ತಂತ್ರಾಂಶದಲ್ಲಿ ಸಾರ್ವಜನಿಕರು ಹೇರಳ ದೋಷಗಳನ್ನು ಕಂಡಿರುತ್ತಾರೆ. ಮುಚ್ಚಿದ ತಂತ್ರಾಂಶದಲ್ಲಿ ಯಾರಿಗೂ ಯಾವ ದೋಷವೂ ಕಂಡಿರುವುದಿಲ್ಲ. ಆದ್ದರಿಂದ ಎರಡನೆಯದು ದೋಷರಹಿತವೆಂದು ತೀರ್ಮಾನಿಸಬಹುದಾಗಿದೆ."

"ಒಳಗೆ ಏನಿದೆ ಅಂತ ಗೊತ್ತಿಲ್ದೆ ಸಹಿ ಹಾಕ್ತೀರಾ ಸಾರ್?" ಎಂದು ಅಪರ್ಣ ಕೇಳಿದರು.

"ಮೇಡಂ, ಒಳಗಿರೋದು ಕಟ್ಕೊಂಡು ನಂಗೇನಾಗ್ಬೇಕು. ನಲ್ಲೀಲಿ ಬಂದ್ರೆ ಸಾಕಾಗಿದೆ," ಎಂದು ರೇಣುಕಾಪ್ರಸಾದ್ ಆಕೆಯ ಮುಖ ನೋಡದೆ ಸಹಿ ಹಾಕಿದರು. ಮುಖ ನೋಡಲು ಅವರಿಗೆ ನಾಚಿಕೆಯಾಗಿತ್ತು.

ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಚಾಲನೆ ಕೊಡಲಾಯಿತು. ನೀರು ಬಂತು. ಅಧ್ಯಕ್ಷರ ಬೀದಿಗೆ ಹಗಲೂ ರಾತ್ರಿ ಬಂತು, ಬೇರೆ ಯಾವ ಬೀದಿಗೂ ಬರಲಿಲ್ಲ.

"ಯಾಕಪ್ಪಾ ಹಿಂಗೆ?" ಎಂದು ರೇಣುಕಾಪ್ರಸಾದ್ ಕೇಳಿದರು.

"ಅದು ಸಾಫ್ಟ್‌ವೇರ್ ತೀರ್ಮಾನ ಸಾರ್. ನಮಗೂ ಕಾರಣ ಹೇಳಲ್ಲ," ಎಂದ ಭಾನುಪ್ರಕಾಶ್. "ಲೈಸೆನ್ಸು ಒಬ್ಬ ಬಳಕೆದಾರರಿಗೆ ಮಾತ್ರ ಅಂತ ಅಗ್ರಿಮೆಂಟಲ್ಲಿದೆ. ಆ ಹೆಸರು ಅಧ್ಯಕ್ಷರ ಮನೆಯವರದು, ಪ್ರೇಮಲತಾ ಅಂತ. ಸಾಹೇಬರೇ ಉದಾರವಾಗಿ ಮುಂದೆ ಬಂದು ಕೊಟ್ಟಿದ್ದು."

ಜನ ಕೊಡ ಹೊತ್ತು ಆ ಬೀದಿಗೆ ನುಗ್ಗಿದರು. ಆಗ ಆಟೋದಲ್ಲಿ ಮೈಕು ಕಟ್ಟಿ ಪ್ರಕಟಣೆ ಹೊರಡಿಸಬೇಕಾಯಿತು. "ನಾಗರಿಕರ ಗಮನಕ್ಕೆ. ನೀರನ್ನು ಕೊಡಗಳಲ್ಲಿ ತುಂಬಿ ಬೇರೆಡೆಗೆ ಒಯ್ಯುವುದು ಲೈಸೆನ್ಸ್ ಉಲ್ಲಂಘನೆಯಾಗಿದ್ದು, ಅಕ್ರಮ ನಕಲು ಎಂದು ಪರಿಗಣಿಸಲಾಗುವುದು. ಆದರೆ ನೀರನ್ನು ಜನರ ಬಳಿಗೆ ಒಯ್ಯಲಾಗದಿದ್ದರೂ ಜನರನ್ನು ನೀರಿನ ಬಳಿಗೆ ಒಯ್ಯಲು ಯಾವುದೇ ಅಡ್ಡಿ ಇರುವುದಿಲ್ಲ."

ಹೀಗೆ ಹರಳುಕಟ್ಟೆಯಲ್ಲಿ ಜನ ಸರಬರಾಜು ಯೋಜನೆ ಆರಂಭವಾಯಿತು. ಬೆಳಗ್ಗೆ ವ್ಯಾನೊಂದು ಪ್ರತಿ ಬೀದಿಗೂ ಬಂದು, ಟವಲ್ ಸೋಪು ಹಿಡಿದು ನಿಂತವರನ್ನು ಹತ್ತಿಸಿಕೊಂಡು ಅಧ್ಯಕ್ಷರ ಹಿತ್ತಿಲಿಗೆ ಬಿಡುತ್ತಿತ್ತು. ಗೇಟಿನಲ್ಲಿ ಭಾನುಪ್ರಕಾಶ್ ಪ್ರತಿಯೊಬ್ಬರ ಹೆಸರು ಕೇಳುತ್ತಿದ್ದ. ಎಲ್ಲರೂ ಪ್ರೇಮಲತಾ ಎನ್ನುತ್ತಿದ್ದರು. ಇಡೀ ಆಫೀಸು ಒಂದೇ ಲಾಗಿನ್ನಿನಲ್ಲಿ ಕೆಲಸ ಮಾಡುವುದು ತಲೆತಲಾಂತರದಿಂದ ಬಂದದ್ದಾದ್ದರಿಂದ ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಮೀಸೆ ಹೊತ್ತ ನಿವೃತ್ತ ಹವಾಲ್ದಾರರೂ ಎದೆ ಸೆಟೆದು ಪ್ರೇಮಲತಾ ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಅಪ್ಪ ಅಮ್ಮನ ಜೊತೆ ಬಂದ ಅಪೇಕ್ಷಾಳೂ ಹಾಗೆಯೇ ಹೇಳಿದಳು. ಅವಳನ್ನು ಬಿಟ್ಟ ಭಾನುಪ್ರಕಾಶ್ ಕೂಸನ್ನು ತಡೆದ.

"ಮಗು ಹೆಸರು?"

"ಇನ್ನೂ ಇಟ್ಟಿಲ್ಲಪ್ಪ. ನಮ್ ಯಜಮಾನ್ರ ತಂದೆ ಹೆಸರು ಇಡಾಣ ಅಂತಿದೀವಿ," ಎಂದರು ಶಶಿರೇಖಾ.

"ಅಮ್ಮ, ದೊಡ್ಡೋರು ಬಾಯಲ್ಲಿ ಹೇಳಿದ್ರೆ ನಡೆಯುತ್ತೆ. ಮಗೂಗೆ ಹೇಳಕ್ಕೆ ಬರಲ್ಲ. ದಾಖಲೆ ಬೇಕಾಗುತ್ತೆ."

ಶಶಿರೇಖಾ ಗಂಡನ ಕಡೆ ನೋಡಿದರು. ಜಗಳ ಕಾಯುವುದರಲ್ಲಿ ತಮ್ಮ ಬೀದಿಗೇ ಹೆಸರಾದ ಹೆಂಗಸು ಅವತ್ತು ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಗೇಟಿನಿಂದ ಹಿಂದೆ ಸರಿದರು. ಹಿತ್ತಿಲಿನಿಂದ ಬಿಸಿನೀರಿನ ಹಬೆ ಏಳುತ್ತಿತ್ತು. ಕೂಸಿನ ಕತ್ತಿನ ಸಂದಿಯಲ್ಲಿ ಎಣ್ಣೆ ಕಪ್ಪಗೆ ಕಟ್ಟಿತ್ತು.

ಆ ವಾರವೇ ನಾಮಕರಣವಾಯಿತು. ಬೀಗರೆಲ್ಲ ಬಂದರು. ತೊಟ್ಟಿಲಿಗೆ ಹೂವು ಕಟ್ಟಿ, ಶಶಿರೇಖಾ ಬಗ್ಗಿ ಮೊಮ್ಮಗನ ಕಿವಿಯಲ್ಲಿ ಪ್ರೇಮಲತಾ ಎಂದು ಹೆಸರು ಹೇಳಿದರು. ರೇಣುಕಾಪ್ರಸಾದ್ ತೊಟ್ಟಿಲ ಹತ್ತಿರವೇ ಕೂತಿದ್ದರು, ಆದರೆ ಊಟಕ್ಕೆ ಎಲೆ ಹಾಕಿದ್ದರಿಂದ ಏಳಬೇಕಾಯಿತು. ಹೆಸರು ಲಕ್ಷಣವಾಗಿದೆ ಎಂದು ಬೀಗರು ಮೆಚ್ಚಿಕೊಂಡರು. ಮರುದಿನ ಗೇಟಿನಲ್ಲಿ ಆ ಹೆಸರಿನ ದಾಖಲೆ ತೋರಿಸಿ ಕೂಸಿಗೆ ಮನಸಾರೆ ನೀರು ಹುಯ್ದರು. ಅದು ಸಂಜೆಯ ತನಕ ಹಾಯಾಗಿ ಮಲಗಿತು.

ಆ ವರ್ಷ ಹರಳುಕಟ್ಟೆಯಲ್ಲಿ ಹುಟ್ಟಿದ ಮಕ್ಕಳೆಲ್ಲರಿಗೂ ಅದೇ ಹೆಸರು. ಗಂಡುಮಕ್ಕಳಿಗೆ ಪ್ರತ್ಯೇಕ ಹೆಸರಿನ ಸೌಲಭ್ಯವು ಮುಂದಿನ ಅಪ್‌ಡೇಟಿನಲ್ಲಿ ಬರಲಿದೆಯೆಂದು ಕಂಪನಿಯು ತಿಳಿಸಿದ್ದು, ಸಮಿತಿಯು ಅದಕ್ಕಾಗಿ ಕೃತಜ್ಞತಾ ನಿರ್ಣಯ ಅಂಗೀಕರಿಸಿದೆ. ಅಲ್ಲಿಯ ತನಕ ಸಂಜೆ ಯಾವುದಾದರೂ ತಾಯಿ ಬಾಗಿಲಿಗೆ ಬಂದು ಪ್ರೇಮಲತಾ ಎಂದು ಕೂಗಿದರೆ ಬಡಾವಣೆಯ ಅಷ್ಟೂ ತೊಟ್ಟಿಲುಗಳು ಓಗೊಡುತ್ತವೆ. ಆಯಾ ತಾಯಂದಿರು ತಮ್ಮದನ್ನು ಗುರುತಿಸಿ ಎತ್ತಿಕೊಳ್ಳುತ್ತಾರೆ, ಇದುವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ.