ಅಗಲದ ಟೈರು ಮತ್ತು ನನ್ನ ಅಳತೆ

ನನ್ನ ಬಾಮೈದ ವಿಮೆ ಏಜೆಂಟ್. ಒಂದೇ ಮಾತನ್ನು ನೂರು ಜನಕ್ಕೆ ನೂರು ಸಲ ಹೇಳಿ ಬದುಕುವ ಕಸುಬು ಅವನದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಒಂದು ಮಾತು ನನ್ನ ಬಗ್ಗೆಯೇ ಆಗಬೇಕೆ? ಹೋದ ವರ್ಷ ಊರಾಚೆಯ ಗುಡ್ಡಕ್ಕೆ ನಾವಿಬ್ಬರೂ ಸೈಕಲ್ಲಿನಲ್ಲಿ ಹೋಗಿದ್ದೆವು. ಅರ್ಧ ದಾರಿಯಲ್ಲಿ ಪುಡಿಗಲ್ಲಿನ ಮೇಲೆ ನನ್ನ ಚಕ್ರ ಜಾರಿತು. ನಾನು ಇಳಿದೆ. ಉಳಿದ ದಾರಿಯನ್ನು ತಳ್ಳಿಕೊಂಡು ಹತ್ತಿದೆ. ನಡೆದದ್ದು ಇಷ್ಟೇ. ಅಂದಿನಿಂದ ಅತ್ತೆಯ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ಸಾಕು, ಇವನು ಶುರು ಮಾಡುತ್ತಾನೆ: "ಭಾವ ಸೈಕಲ್‌ನ ವಾಕಿಂಗ್ ಕರ್ಕೊಂಡು ಹೋದ ಕಥೆ ಗೊತ್ತಾ?" ನೆಂಟರೆಲ್ಲ ನಗುತ್ತಾರೆ. ನನ್ನ ಹೆಂಡತಿಯೂ ನಗುತ್ತಾಳೆ (ನೀರಿನ ಲೋಟ ಅಡ್ಡ ಹಿಡಿದುಕೊಂಡು, ನನಗೆ ಕಾಣುವುದಿಲ್ಲವೆಂದು ಅವಳ ನಂಬಿಕೆ).

ಹಾಗಾಗಿ ಈ ವರ್ಷ ಅವನು ಫೋನ್ ಮಾಡಿ, "ಬರೋ ಭಾನುವಾರ ಮತ್ತೆ ಗುಡ್ಡಕ್ಕೆ ಹೋಗೋಣ್ವಾ ಭಾವ? ಈ ಸಲ ಒಳ್ಳೇ ಚಪ್ಪಲಿ ಹಾಕ್ಕೊಂಡು ಬನ್ನಿ, ನಡೆಯೋಕೆ ಬೇಕಾಗುತ್ತೆ" ಎಂದಾಗ ನನ್ನ ರಕ್ತ ಕುದಿಯಿತು. ಬರುತ್ತೇನೆ ಎಂದೆ. ಗೆಲ್ಲಲೇಬೇಕು, ಆ ಕಥೆಯ ಬಾಯಿಗೆ ಬೀಗ ಹಾಕಲೇಬೇಕು ಎಂದು ಮನಸ್ಸಿನಲ್ಲೇ ಘೋರ ಪ್ರತಿಜ್ಞೆ ಮಾಡಿದೆ.

ಅಂದಿನಿಂದಲೇ ಸಂಶೋಧನೆ ಆರಂಭವಾಯಿತು. ತಪ್ಪು ನನ್ನ ಕಾಲಿನದಲ್ಲ, ಟೈರಿನದು ಎಂಬ ಮಹಾಸತ್ಯ ನನಗೆ ಬೇಗನೆ ಗೋಚರಿಸಿತು. ನನ್ನ ಟೈರು ತೆಳ್ಳಗಿತ್ತು. ಅದಕ್ಕೆ ಗಾಳಿಯನ್ನು ಕಲ್ಲಿನಂತೆ ತುಂಬುತ್ತಿದ್ದೆ, ಅದು ಕಲ್ಲಿನ ಮೇಲೆ ಪುಟಿಯುತ್ತಿತ್ತು, ಜಾರುತ್ತಿತ್ತು. ಬೇಕಾದದ್ದು ಅಗಲವಾದ, ಹೊಟ್ಟೆ ದೊಡ್ಡದಾದ ಟೈರು. ಅದರಲ್ಲಿ ಗಾಳಿಗೆ ಜಾಗ ಹೆಚ್ಚು, ಆದ್ದರಿಂದ ಸ್ವಲ್ಪ ಮೆತ್ತಗೆ ಬಿಟ್ಟರೂ ನಡೆಯುತ್ತದೆ. ಮೆತ್ತಗಿದ್ದರೆ ನೆಲವನ್ನು ತಬ್ಬಿಕೊಳ್ಳುತ್ತದೆ. ಇದನ್ನೆಲ್ಲ ತಿಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಡುಗೆಮನೆಗೆ ಓಡಿದೆ.

"ಕೇಳಿಲ್ಲಿ, ಗಾಳಿ ಕಡಿಮೆ ಮಾಡಿದ್ರೆ ಹಿಡಿತ ಜಾಸ್ತಿಯಾಗುತ್ತೆ."

"ಯಾರಿಗೆ?"

"ಟೈರಿಗೆ."

"ರೀ, ಈ ಮನೆ ಬಾಡಿಗೆಗೆ ಹಿಡಿಯುವಾಗ ನಲ್ಲೀಲಿ ನೀರು ಬರುತ್ತಾ ಅಂತ ಕೂಡ ನೀವು ಕೇಳಲಿಲ್ಲ. ಟೈರಿಗೆ ವಾರದಿಂದ ತಲೆ ಕೆಡಿಸ್ಕೊಂಡಿದೀರಲ್ಲ" ಎಂದಳು. ಅವಳು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಶಾಲೆಯಲ್ಲಿ ಉಳಿದ ಬೈಗುಳವನ್ನು ಮನೆಗೆ ತರುತ್ತಾಳೆ.

ಶುಕ್ರವಾರ ಅಂಗಡಿಗೆ ಹೋದೆ. ಗೋಡೆಯ ತುಂಬ ಟೈರು. ಸಣ್ಣ ಹಲ್ಲಿನದು, ದೊಡ್ಡ ಹಲ್ಲಿನದು, ಹಲ್ಲೇ ಇಲ್ಲದ್ದು. ಒಂದೊಂದನ್ನೂ ಹಿಸುಕಿದೆ, ಮೂಸಿದೆ, ಮಡಚಿದೆ. ಕೊನೆಗೆ ಒಂದು ಮೂಲೆಯಲ್ಲಿ ನನ್ನ ಕನಸಿನ ಟೈರು ಕಾಣಿಸಿತು. ಕಪ್ಪಗೆ, ದಪ್ಪಗೆ, ಬೆರಳಿನ ತುದಿಯಷ್ಟು ಎತ್ತರದ ಹಲ್ಲುಗಳು. ಎದೆ ಡವಡವ ಎಂದಿತು.

"ಸೈಕಲ್ ತಂದಿಲ್ವಾ ಸಾರ್?" ಎಂದ ಅಂಗಡಿಯವನು.

"ಅಳತೆ ತಂದಿದೀನಿ" ಎಂದೆ ಗಂಭೀರವಾಗಿ. ನಾನು ಜಮೀನು ಅಳೆಯುವ ಇಲಾಖೆಯವನು. ಊರಿನ ಅರ್ಧ ಬೇಲಿಗಳು ನಾನು ತೋರಿಸಿದ ಕಡೆಯೇ ನಿಂತಿವೆ. ನನ್ನ ಸೈಕಲ್ಲಿನ ಫ್ರೇಮಿನ ನಡುವೆ ಎಷ್ಟು ಜಾಗವಿದೆಯೆಂದು ಮನೆಯಲ್ಲೇ ಅಳೆದುಕೊಂಡು ಬಂದಿದ್ದೆ. ಟೇಪು ತೆಗೆದೆ, ಮೊಳೆಗೆ ನೇತುಬಿದ್ದಿದ್ದ ಟೈರಿನ ದಪ್ಪ ಅಳೆದೆ. ಧಾರಾಳವಾಗಿ ಸಾಕು. ಎರಡು ಟೈರನ್ನೂ ಹೆಗಲಿಗೆ ಹಾಕಿಕೊಂಡು, ರಾಜ್ಯ ಗೆದ್ದವನಂತೆ ಬೀದಿಯಲ್ಲಿ ನಡೆದು ಬಂದೆ.

ಶನಿವಾರ ಮಧ್ಯಾಹ್ನ ಹಜಾರದಲ್ಲಿ ಹಳೇ ಚಾಪೆ ಹಾಸಿ ಕೂತೆ. ಹಳೆಯ ಟೈರುಗಳು ರಿಮ್ಮು ಬಿಟ್ಟು ಬರಲೊಲ್ಲವು. ಚಮಚ ಹಾಕಿ ಎಬ್ಬಿಸಿದೆ, ಚಮಚ ಬಾಗಿತು. ಇನ್ನೊಂದು ಚಮಚ ತಂದೆ.

"ಅದು ಊಟದ ಚಮಚ" ಎಂದಿತು ಒಳಗಿನಿಂದ ಒಂದು ಧ್ವನಿ.

ನನಗೆ ತಡೆಯುವಷ್ಟು ತಾಳ್ಮೆ ಇರಲಿಲ್ಲ. ತಂತಿ ಕತ್ತರಿಸುವ ಕಟ್ಟರ್ ತಂದು ಹಳೆಯ ಎರಡೂ ಟೈರನ್ನು ಕಚಕಚನೆ ಕತ್ತರಿಸಿ ಎಸೆದೆ. ಇನ್ನು ಅವುಗಳ ಹಂಗೇಕೆ? ಹೊಸ ಟೈರು ತುಸು ಮೀಟಿದ ಮೇಲೆ ಕೂತಿತು. ಚಕ್ರಗಳನ್ನು ಫ್ರೇಮಿಗೆ ಸಿಕ್ಕಿಸಿ ತಿರುಗಿಸಿದೆ. ಸುಯ್ ಎಂದು ತಿರುಗಿದವು. ಕುಣಿಯುವುದೊಂದು ಬಾಕಿ. ಹೆಂಡತಿಯನ್ನು ಕೂಗಿ ಕರೆದು, ಅವಳ ಎದುರಿಗೇ ಪಂಪು ಹಿಡಿದು ಗಾಳಿ ಹೊಡೆಯತೊಡಗಿದೆ.

ಟೈರು ಹಿಗ್ಗಿತು. ಇನ್ನೂ ಹಿಗ್ಗಿತು. ಫ್ರೇಮಿನ ಎರಡೂ ಕಡೆಗೆ ಅಂಟಿಕೊಂಡಿತು. ಚಕ್ರ ತಿರುಗಿಸಿ ನೋಡಿದೆ. ಅಲುಗಾಡಲಿಲ್ಲ. ಎರಡೂ ಕೈ ಹಾಕಿ ಎಳೆದೆ, ಸೈಕಲ್ಲೇ ನನ್ನ ಮೇಲೆ ಬಿತ್ತು.

ಹೆಂಡತಿ ಕೆಳಗೆ ಬಿದ್ದ ನನ್ನನ್ನೂ ಟೇಪನ್ನೂ ನೋಡಿದಳು. "ಗಾಳಿ ಇಲ್ಲದ ಟೈರನ್ನ ಅಳೆದ್ರಾ?"

ನಾನು ಬಿದ್ದಲ್ಲಿಂದಲೇ ಟೇಪನ್ನು ಚಾಪೆಯ ಕೆಳಗೆ ತಳ್ಳಿದೆ.

"ಊಟಕ್ಕೆ ಮುಂಚೆ ಹೊಟ್ಟೆ ಒಳಗೆಳ್ಕೊಂಡು ಪ್ಯಾಂಟಿಗೆ ಅಳತೆ ಕೊಡ್ತೀರಲ್ಲ, ಹಾಗಾಯ್ತು. ಹೋಗ್ಲಿ, ಹಳೇದು ಹಾಕಿ."

ಹಳೆಯದು ತುಂಡು ತುಂಡಾಗಿ ಚಾಪೆಯ ಮೇಲೆ ಬಿದ್ದಿತ್ತು. ಹೊಸ ಟೈರನ್ನು ಹಿಂದಕ್ಕೆ ಕೊಡುವಂತಿರಲಿಲ್ಲ, ಆಗಲೇ ಒಗ್ಗರಣೆ ಸೌಟಿನ ಗೀರುಗಳು ಬಿದ್ದಿದ್ದವು (ಚಮಚಗಳು ಮುಗಿದ ಮೇಲೆ ಸೌಟು ತಂದಿದ್ದೆ). ನನ್ನ ಮುಖ ಸಪ್ಪಗಾದದ್ದನ್ನು ಕಂಡು ಅವಳಿಗೆ ಕನಿಕರ ಬಂತು. "ನನ್ನ ಸೈಕಲ್ಲಿಗೆ ಹಾಕಿ ನೋಡಿ" ಎಂದಳು. ಅವಳು ದಿನಾ ಶಾಲೆಗೆ ಹೋಗುವುದು ಅದರಲ್ಲೇ. ಅದರ ಚಕ್ರವೂ ಅದೇ ಅಳತೆಯದು, ಫ್ರೇಮಿನ ನಡುವೆ ಮಾತ್ರ ಒಳ್ಳೇ ಜಾಗ. ಟೈರು ಅಳೆದು ಮಾಡಿಸಿದಂತೆ ಕೂತಿತು, ಅಕ್ಕಪಕ್ಕ ಬೆರಳು ಆಡುವಷ್ಟು ಸಡಿಲ ಬೇರೆ. ನನಗೆ ಹೋದ ಜೀವ ಬಂದಂತಾಯಿತು. ಕೂಡಲೇ ಹತ್ತಿ ಕೂತೆ. ಮೊಣಕಾಲು ಹೋಗಿ ಹ್ಯಾಂಡಲಿಗೆ ಬಡಿಯಿತು.

"ಇಳೀರಿ" ಎಂದಳು. "ನನ್ನ ಸೈಕಲ್ಲು, ನಾನೇ ಹೋಗ್ತೀನಿ. ನೀವು ಗಾಳಿ ನೋಡಿ."

ನೋಡಿದೆ. ಹೆಬ್ಬೆರಳಿಗೆ ತುಸು ಬಗ್ಗುವಷ್ಟು ಬಿಟ್ಟೆ. ಭಾನುವಾರ ಬೆಳಿಗ್ಗೆ ನೀರಿನ ಬಾಟಲಿ ಹಿಡಿದು ಗುಡ್ಡದ ಬುಡದಲ್ಲಿ ನಿಂತೆ. ಬಾಮೈದ ನಾನು ಸೈಕಲ್ಲಿಲ್ಲದೆ ನಿಂತದ್ದನ್ನು ನೋಡಿ ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟೇಬಿಟ್ಟಳು.

ಅಬ್ಬಾ, ಆ ಟೈರುಗಳನ್ನು ನೀವು ನೋಡಬೇಕಿತ್ತು. ನಾನು ಕಳೆದ ವರ್ಷ ಇಳಿದಿದ್ದ ಪುಡಿಗಲ್ಲಿನ ಜಾಗ ಬಂತು. ಅವಳ ಚಕ್ರ ಆ ಕಲ್ಲುಗಳನ್ನು ನುಂಗಿಕೊಂಡು ಹೋಯಿತು. ಬಾಮೈದ ಪಕ್ಕದಲ್ಲೇ ಒದ್ದಾಡಿದ, ಅವನ ಚಕ್ರ ಪುಟಿಯಿತು, ಜಾರಿತು. ಅವನು ಇಳಿದ. ತಳ್ಳಿದ. ನಾನು ಕೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆ. ದಾರಿಹೋಕರೊಬ್ಬರು ಏನಾಯಿತು ಎಂದು ಕೇಳಿದರು. "ನನ್ನ ಟೈರು" ಎಂದು ಗುಡ್ಡದ ಕಡೆಗೆ ಬೆರಳು ಮಾಡಿದೆ.

ಅಂದು ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ನೆಂಟರೆಲ್ಲ ಸೇರಿದ್ದರು. ಬಾಮೈದ ತಲೆ ತಗ್ಗಿಸಿ ಉಣ್ಣುತ್ತಿದ್ದ. ವರ್ಷದಲ್ಲಿ ಮೊದಲ ಸಲ ಆ ಬಾಯಿಗೆ ಬೀಗ ಬಿದ್ದಿತ್ತು. ನಾನು ಬೆನ್ನು ನೇರ ಮಾಡಿ ಕೂತು, ಎರಡನೇ ಸಲ ಬಡಿಸಿಕೊಂಡೆ.

ಆಗ ನನ್ನ ಹೆಂಡತಿ ಲೋಟ ಕೆಳಗಿಟ್ಟಳು. "ಇವರು ಟೈರು ಅಳೆದ ಕಥೆ ಗೊತ್ತಾ?" ಎಂದಳು.

ತಮ್ಮನಿಗಿಂತ ನೂರು ಪಾಲು ಚೆನ್ನಾಗಿ ಹೇಳಿದಳು. ಮುಖ್ಯೋಪಾಧ್ಯಾಯಿನಿಯಲ್ಲವೆ, ಒಂದೂ ಬಿಡಲಿಲ್ಲ. ಚಮಚ, ಸೌಟು, ಕಟ್ಟರ್, ನಾನು ಬಿದ್ದದ್ದು, ಮೇಲೆ ಸೈಕಲ್ಲು ಬಿದ್ದದ್ದು, ಎಲ್ಲವನ್ನೂ ಎದ್ದು ನಿಂತು ಅಭಿನಯಿಸಿದಳು. ಬಾಮೈದನಿಗೆ ನೆತ್ತಿ ಹತ್ತಿ ಕಣ್ಣಲ್ಲಿ ನೀರು ಬಂತು. "ಅಕ್ಕ, ಇನ್ನೊಂದ್ಸಲ ಹೇಳೇ" ಎಂದ.

ಅತ್ತೆಗೆ ಮಾತ್ರ ನನ್ನ ಮೇಲೆ ಪ್ರೀತಿ. ನಗು ತಡೆದುಕೊಂಡು ಮಗಳನ್ನು ಗದರಿದರು: "ಸಾಕು ಸುಮ್ನಿರೇ, ಪಾಪ. ಹೋದ ವರ್ಷ ಅಳಿಯಂದಿರು ತಳ್ಕೊಂಡಾದ್ರೂ ಮೇಲೆ ಹೋಗಿದ್ರು."